ಬಾಡಿಗೆಗೆಂದು ಕೊಳ್ಳುವ ಮೊದಲ ಮನೆ: ಸಾಲದ ಲೆಕ್ಕಾಚಾರ

ಸಾಲ ಮಾಡಿ ಫ್ಲ್ಯಾಟ್ ಕೊಂಡರೆ ಬಾಡಿಗೆಯೇ ಕಂತನ್ನು ತೀರಿಸುತ್ತದೆ ಎಂಬ ನಂಬಿಕೆ ಬೆಂಗಳೂರಿನ ಸಂಬಳದಾರರಲ್ಲಿ ವ್ಯಾಪಕವಾಗಿದೆ. ಲೆಕ್ಕಕ್ಕೆ ಕುಳಿತರೆ ಈ ನಂಬಿಕೆ ಬಹುಮಟ್ಟಿಗೆ ನಿಲ್ಲುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂ.ವರೆಗಿನ ಗೃಹಸಾಲ ಆಸ್ತಿಮೌಲ್ಯದ ಶೇ 90ನ್ನು ಮೀರುವಂತಿಲ್ಲ. 75 ಲಕ್ಷ ರೂ.ವರೆಗಿನ ಸಾಲಕ್ಕೆ ಈ ಮಿತಿ ಶೇ 80, ಅದಕ್ಕೂ ಮೇಲ್ಪಟ್ಟರೆ ಶೇ 75. ಮನೆಯ ಬೆಲೆ 10 ಲಕ್ಷ ರೂ. ದಾಟಿದರೆ ಮುದ್ರಾಂಕ ಹಾಗೂ ನೋಂದಣಿ ವೆಚ್ಚ ಈ ಮೌಲ್ಯದಲ್ಲಿ ಸೇರುವುದಿಲ್ಲ. ಅದನ್ನು ಕೈಯಿಂದಲೇ ಭರಿಸಬೇಕು. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಅಂತ್ಯದಲ್ಲಿ ಶೇ 1ರಿಂದ ಶೇ 2ಕ್ಕೆ ಏರಿದೆ. ಹೀಗಾಗಿ 60 ಲಕ್ಷ ರೂ.ಗಳ ಮನೆಗೆ 12 ಲಕ್ಷ ರೂ. ಸ್ವಂತ ಪಾಲಲ್ಲದೆ, ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಇನ್ನೂ ಸುಮಾರು ನಾಲ್ಕೂವರೆ ಲಕ್ಷ ರೂ. ಬೇಕು.

ಉಳಿದ 48 ಲಕ್ಷ ರೂ.ಗಳನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 41,650 ರೂ. ಅದೇ ಮನೆಗೆ 18,000 ರೂ. ಬಾಡಿಗೆ ಬಂತೆನ್ನಿ, ಮಿಕ್ಕ 23,650 ರೂ. ಪ್ರತಿ ತಿಂಗಳೂ ಮಾಲೀಕನ ಸಂಬಳದಿಂದಲೇ ಹೋಗುತ್ತದೆ. ಆಸ್ತಿ ತೆರಿಗೆ, ದುರಸ್ತಿ, ಮನೆ ಖಾಲಿ ಬಿದ್ದ ತಿಂಗಳ ನಷ್ಟ ಇವೆಲ್ಲ ಬೇರೆ.

ತೆರಿಗೆ ವಿನಾಯಿತಿ ಈ ಕೊರತೆಯನ್ನು ತುಂಬುತ್ತದೆ ಎಂಬ ಏಜೆಂಟರ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಆಸ್ತಿ ತೆರಿಗೆ ಕಳೆದ ಬಾಡಿಗೆ ಆದಾಯದಲ್ಲಿ ಶೇ 30ರ ಕಡಿತ ದೊರೆಯುತ್ತದೆ, ಬಡ್ಡಿಯನ್ನೂ ಕಳೆಯಬಹುದು, ನಿಜ. ಆದರೆ ಹಾಗೆ ಉಂಟಾದ ನಷ್ಟವನ್ನು ಸಂಬಳದ ಆದಾಯಕ್ಕೆ ಹೊಂದಿಸಿಕೊಳ್ಳಲು ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂ. ಮಿತಿಯಿದೆ; ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಬಾಡಿಗೆದಾರರಿಂದ ಪಡೆಯುವ ಮುಂಗಡವನ್ನು, ಬೆಂಗಳೂರಿನ ರೂಢಿಯಂತೆ ಅದು ಹತ್ತು ತಿಂಗಳದ್ದೇ ಆಗಿರಲಿ, ಸಾಲಕ್ಕೆ ಜಮಾ ಮಾಡುವುದು ಆರಂಭಿಕರ ಸಾಮಾನ್ಯ ತಪ್ಪು. ಅದು ಹಿಂತಿರುಗಿಸಬೇಕಾದ ಹಣ. ಸಾಲ ಇಳಿಸಲು ಬೋನಸ್ ಮೊತ್ತವೇ ಮೇಲು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ.

ಇಷ್ಟಾದರೂ ಖಾತೆ ಸರಿಯಿಲ್ಲದಿದ್ದರೆ ಸಾಲವೇ ಹುಟ್ಟದು. 'ಬಿ' ಖಾತೆಯ ಆಸ್ತಿಗೆ ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಇ-ಖಾತೆ ಮತ್ತು ಋಣಭಾರ ಪ್ರಮಾಣಪತ್ರವನ್ನು ಟೋಕನ್ ಹಣ ಕೊಡುವ ಮುನ್ನವೇ ಬ್ಯಾಂಕಿನ ವಕೀಲರಿಗೆ ತೋರಿಸಬೇಕು. ಸಾಲ ನಿರಾಕರಣೆಯಾದರೆ ಟೋಕನ್ ಹಣ ಮರಳಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.