ಕಾದ ಕಬ್ಬಿಣ, ತಿರುಗುವ ಭೂಮಿ

ನಾನು ಈ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಹೊಸತು. ಭೂಮಿಯೊಳಗೆ ಕಬ್ಬಿಣದ ದೊಡ್ಡ ಅಯಸ್ಕಾಂತವಿದೆ ಎಂದು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಕೆಂಪಗೆ ಕಾದ ಕಬ್ಬಿಣವನ್ನ ಅಯಸ್ಕಾಂತ ಹಿಡಿಯಲ್ಲ ಅಂತಾರೆ ನಮ್ಮಪ್ಪ. ಭೂಮಿಯೊಳಗೆ ಅಷ್ಟು ಬಿಸಿ ಇದ್ರೆ ಅದು ಹೆಂಗೆ ಅಯಸ್ಕಾಂತ ಆಗುತ್ತೆ?" ಎಂದ. ಅವನಪ್ಪ ಭದ್ರಾವತಿ ಕಾರ್ಖಾನೆಯವರು. 1923ರಿಂದ ಕಬ್ಬಿಣ ಕರಗಿಸಿದ ಊರಿನ ಮಕ್ಕಳಿಗೆ ಪುಸ್ತಕದ ಮಾತಷ್ಟೇ ಸಾಲದು. ನನಗೆ ಉತ್ತರ ಗೊತ್ತಿರಲಿಲ್ಲ. "ಕೂತ್ಕೋ" ಎಂದೆ.

ಆಮೇಲೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ಗ್ರಂಥಾಲಯದಲ್ಲಿ ಹುಡುಕಿದೆ. ಅವನಪ್ಪ ಹೇಳಿದ್ದೇ ಸರಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣದ ಕಾಂತಗುಣ ಹೋಗುತ್ತದೆ. ಭೂಗರ್ಭದ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಭೂಮಿಯೇ ಒಂದು ಅಯಸ್ಕಾಂತವೆಂದ. ಆ ಶಕ್ತಿಯೇ ಭೂಮಿಯನ್ನು ತಿರುಗಿಸುತ್ತದೆಂದೂ ನಂಬಿದ್ದ. ಸಂಬಂಧವೇನೋ ಇತ್ತು, ಆದರೆ ತಿರುಗುಮುರುಗಾಗಿತ್ತು. 1919ರಲ್ಲಿ ಜೋಸೆಫ್ ಲಾರ್ಮರ್, ತಿರುಗುವ ಕಾಯದೊಳಗಿನ ದ್ರವದ ಹರಿವೇ ಡೈನಮೋ ಆಗಬಹುದೆಂದು ಸೂಚಿಸಿದ. 1947ರಲ್ಲಿ ಬ್ಲ್ಯಾಕೆಟ್ ಇನ್ನೂ ಮುಂದೆ ಹೋಗಿ, ತಿರುಗುವ ಯಾವ ಭಾರಿ ಕಾಯಕ್ಕೂ ಬರೀ ತಿರುಗುವಿಕೆಯಿಂದಲೇ ಕಾಂತತ್ವ ಬರುತ್ತದೆಂದ. ಪರೀಕ್ಷಿಸಲು ಹದಿನೈದು ಕಿಲೋ ಮೀರಿದ ಚಿನ್ನದ ಉರುಳೆ ತರಿಸಿಕೊಂಡ! ಭೂಮಿಯ ಜೊತೆಗೆ ಅದೂ ತಿರುಗುತ್ತದಲ್ಲ, ಕಾಂತತ್ವ ಕಾಣಬೇಕಿತ್ತು. ಕಾಣಲಿಲ್ಲ. ಅಷ್ಟರಲ್ಲಿ ನೊಬೆಲ್ ಪಡೆದಿದ್ದ ಆತ ತನ್ನ ಊಹೆ ನಿಲ್ಲಲಿಲ್ಲವೆಂದು 1952ರಲ್ಲಿ ತಾನೇ ಪ್ರಕಟಿಸಿದ. ಇದನ್ನು ಓದಿದ ದಿನ ನನ್ನ "ಕೂತ್ಕೋ" ನೆನಪಾಗಿ ನಾಚಿಕೆಯಾಯಿತು.

ನಿಂತದ್ದು ಲಾರ್ಮರನ ದಾರಿ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಅನ್ನದ ಎಸರಿನಂತೆ ಕುದಿದು ಮೇಲೇಳುತ್ತದೆ, ತಣಿದದ್ದು ಇಳಿಯುತ್ತದೆ. ಭೂಮಿ ತಿರುಗುವುದರಿಂದ ಆ ಹರಿವು ನೇರ ಹೋಗದೆ ಸುರುಳಿ ಸುತ್ತುತ್ತದೆ. ಹೀಗೆ ಹುಟ್ಟುವ ವಿದ್ಯುತ್ತೇ ಕಾಂತಕ್ಷೇತ್ರವನ್ನು ಉಳಿಸಿಕೊಂಡು ಬರುತ್ತದೆ. ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಬಹುಮಟ್ಟಿಗೆ ಪಕ್ಕಕ್ಕೆ ತಳ್ಳುವುದು ಆ ಕ್ಷೇತ್ರವೇ.

ಗುರುಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಅದರ ಉಪಗ್ರಹ ಅಯೋದ ಜ್ವಾಲಾಮುಖಿಗಳು ಉಗುಳಿದ್ದರಲ್ಲಿ ಒಂದು ಪಾಲು ವಿದ್ಯುದಾವೇಶ ಪಡೆದು, ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿ, ಅದರ ಜೊತೆಗೇ ಗಿರಗಿರನೆ ಸುತ್ತುತ್ತದೆ. 243 ದಿನಕ್ಕೊಮ್ಮೆ ತಿರುಗುವ ಶುಕ್ರನಿಗೆ ಸ್ವಂತ ಕಾಂತಕ್ಷೇತ್ರ ಕಂಡಿಲ್ಲ. ನಿಧಾನವೊಂದೇ ಕಾರಣ ಎನ್ನೋಣವೆಂದರೆ 59 ದಿನ ತೆಗೆದುಕೊಳ್ಳುವ ಬುಧನಿಗೆ ದುರ್ಬಲವಾದರೂ ಕ್ಷೇತ್ರವಿದೆ. ತಿರುಗಿದರಷ್ಟೇ ಸಾಲದು, ಒಳಗೆ ಕುದಿಯಲೂಬೇಕು.

ಆ ಹುಡುಗ ಈ ಸಂಚಿಕೆ ಓದುತ್ತಾನೆಂದು ನಂಬಿದ್ದೇನೆ. ಉತ್ತರ ತಡವಾಯಿತು. ಎದ್ದು ನಿಂತು ಮುಂದಿನ ಪ್ರಶ್ನೆ ಕೇಳಪ್ಪ.