ಕಾವಲುಗಾರನ ಸಂಬಳ ಎಲ್ಲಿಂದ ಬಂತು?



ಹೊಸಪೇಟೆಯಿಂದ ಹಂಪಿಗೆ ಹೋದವರು ಕಮಲ ಮಹಲ್, ಆನೆ ಲಾಯ, ಮಹಾನವಮಿ ದಿಬ್ಬ ನೋಡಿ ಮರಳುತ್ತೀರಿ. ಹೊಳೆ ದಾಟಿ ಆನೆಗೊಂದಿಗೆ ಹೋಗುವ ದಾರಿಯಲ್ಲಿರುವ ತಳಾರಿಘಟ್ಟದ ಹೆಬ್ಬಾಗಿಲ ಮುಂದೆ ನಿಲ್ಲುವವರು ಕಡಿಮೆ. ತಳಾರಿ, ತಳವಾರ ಎಂದರೆ ಊರ ಕಾವಲುಗಾರ. ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಿಂದ ಬಂದವರಿಗೆ ಈ ಮಾತು ಹೊಸದೇನಲ್ಲ. ವಿಜಯನಗರದ ಯುದ್ಧಗಳನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಆ ಮಹಾನಗರವನ್ನು ರಾತ್ರಿ ಹೊತ್ತು ಕಾದವರಿಗೆ ಸಂಬಳ ಕೊಟ್ಟವರು ಯಾರು, ಬೊಕ್ಕಸಕ್ಕೆ ಖೋತಾ ಬಿದ್ದಾಗ ಅವರ ಗತಿ ಏನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದಕ್ಕೆ ನಮಗೆ ಸಿಗುವ ಮುಖ್ಯ ಸಾಕ್ಷಿ ಅಬ್ದುಲ್ ರಜಾಕ್. ಪರ್ಷಿಯಾದ ದೊರೆ ಷಾರುಖ್‌ನ ರಾಯಭಾರಿಯಾಗಿ ಆತ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ. ನಗರದಲ್ಲಿ ಟಂಕಸಾಲೆ ಇತ್ತು, ಅದರ ಎದುರಿಗೇ ನಗರರಕ್ಷಣೆಯ ಅಧಿಕಾರಿಯ ಕಚೇರಿ ಇತ್ತು ಎಂದು ಬರೆದಿದ್ದಾನೆ. ಅವನ ಕೈಕೆಳಗೆ 12,000 ಕಾವಲಿನವರು. ಅವರ ದಿನದ ಒಟ್ಟು ಸಂಬಳ 12,000 ಹಣ. ಇಂದು ನಾವು ದುಡ್ಡಿಗೆ ಹೇಳುವ 'ಹಣ' ಎಂಬ ಮಾತು ಆ ಕಾಲದಲ್ಲಿ ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿತ್ತೆಂಬುದನ್ನು ನೆನಪಿಡಿ. ಈ ಸಂಬಳ ಬರುತ್ತಿದ್ದುದು ವೇಶ್ಯಾಗೃಹಗಳಿಂದ ವಸೂಲಾದ ತೆರಿಗೆಯಿಂದ. (ಹಂಪಿಯಲ್ಲಿ ಸೂಳೆ ಬಜಾರ್ ಎಂದು ಕರೆಯುವ ಬೀದಿಯನ್ನು ತೋರಿಸಿ ಈ ಕಥೆ ಹೇಳುವವರಿದ್ದಾರೆ. ಆ ಬೀದಿ 1534ರ ಅಚ್ಯುತರಾಯ ದೇವಾಲಯಕ್ಕೆ ಸೇರಿದ್ದು. ರಜಾಕ್ ಬಂದು ಹೋಗಿ ಆಗಲೇ 90 ವರ್ಷ ಕಳೆದಿತ್ತು. ಎರಡನ್ನೂ ಗಂಟುಹಾಕುವುದು ಸರಿಯಲ್ಲ.)

ಸೈನಿಕರ ವಿಷಯ ಬೇರೆ. ಅವರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ. ರಾಜ್ಯದವರೆಲ್ಲ ತಾವು ಕೊಡಬೇಕಾದ ಹಣವನ್ನು ಟಂಕಸಾಲೆಗೆ ತಂದು ಕಟ್ಟುತ್ತಿದ್ದರು. ಸರ್ಕಾರದಿಂದ ಬರಬೇಕಾದವರು ಅಲ್ಲಿಂದಲೇ ಪಡೆಯುತ್ತಿದ್ದರು. ಅಂದರೆ ಸೈನಿಕನಿಗೆ ಇಡೀ ರಾಜ್ಯದ ಬೊಕ್ಕಸದ ಆಸರೆಯಿತ್ತು. ಊರ ಕಾವಲುಗಾರನಿಗೆ ಇದ್ದದ್ದು ಒಂದೇ ಒಂದು ಬಾಬಿನ ಆದಾಯ, ಅದೂ ಊರಿನಲ್ಲಿ ಜನ ತುಂಬಿ ವ್ಯಾಪಾರ ನಡೆದರೆ ಮಾತ್ರ ಬರುವಂಥದು. ಒಳ್ಳೆಯ ದಿನಗಳಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣದು.

12,000 ಎಂಬ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ರಜಾಕ್ ಕೊಟ್ಟ ದರದಂತೆ 20 ಹಣಕ್ಕೆ ಒಂದು ವರಹ. ದಿನಕ್ಕೆ 600 ವರಹ ಆಯಿತು. ಸುಮಾರು 1535ರ ಹೊತ್ತಿಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಂತೆ, ನಾಗಲಾಪುರದ, ಅಂದರೆ ಇಂದಿನ ಹೊಸಪೇಟೆಯ, ದಾರಿಯ ಹೆಬ್ಬಾಗಿಲ ಸುಂಕದ ಗುತ್ತಿಗೆ ವರ್ಷಕ್ಕೆ 12,000 ಪರ್ದಾವ್. ಪರ್ದಾವ್ ಎಂದರೆ ಹೆಚ್ಚುಕಡಿಮೆ ಒಂದು ವರಹ. ದಿನಕ್ಕೆ 2,000 ಹೇರೆತ್ತುಗಳು ಸುಂಕ ತೆತ್ತು ಒಳಬರುತ್ತಿದ್ದವಂತೆ. ಕೊಂಬಿಲ್ಲದ ಎತ್ತಿಗೆ ಮಾತ್ರ ಸುಂಕವಿಲ್ಲ! ಅಂಥ ಹೆಬ್ಬಾಗಿಲಿನ ಇಡೀ ವರ್ಷದ ಉತ್ಪತ್ತಿ ರಜಾಕ್ ಹೇಳಿದ ಕಾವಲಿಗೆ 20 ದಿನಕ್ಕೆ ಸಾಲುತ್ತಿತ್ತು. ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ, ನಿಜ. ಆದರೂ ಕಾವಲಿನವರ ಸಂಖ್ಯೆ ಉಬ್ಬಿರಬೇಕು, ಇಲ್ಲವೇ ವೆಚ್ಚ ನಿಜಕ್ಕೂ ಭಾರಿಯಾಗಿರಬೇಕು.

ಸಂಬಳದ ಇನ್ನೊಂದು ಮುಖ ಹೊಣೆಗಾರಿಕೆ. ಕಳವಾದ ವಸ್ತುವನ್ನು ಕಾವಲಿನವರು ಹುಡುಕಿಕೊಡಬೇಕು, ತಪ್ಪಿದರೆ ದಂಡ. ರಜಾಕ್‌ನ ಜತೆಗಾರನೊಬ್ಬ ತಂದಿದ್ದ ಗುಲಾಮರು ಓಡಿಹೋದರು. ದೂರು ಹೋಯಿತು. ಅಧಿಕಾರಿ ಬಡವರು ವಾಸವಾಗಿದ್ದ ಕೇರಿಯ ಕಾವಲಿನವರನ್ನು ಕರೆಸಿ, ಓಡಿದವರನ್ನು ತಂದೊಪ್ಪಿಸಿ, ಇಲ್ಲವೇ ಬೆಲೆ ಕಟ್ಟಿಕೊಡಿ ಎಂದ. ಅವರು ಬೆಲೆ ವಿಚಾರಿಸಿ ತೆತ್ತರು. ಅತಿಥಿಗೆ ನಷ್ಟವಾಗಲಿಲ್ಲ, ಬೊಕ್ಕಸಕ್ಕೂ ಆಗಲಿಲ್ಲ. ಆ ನಷ್ಟ ದಿನಕ್ಕೊಂದು ಹಣದ ಲೆಕ್ಕದಲ್ಲಿ ದುಡಿಯುವವನ ಮೇಲೆ ಬಿತ್ತು. ರಾಜಧಾನಿಯ ಕಳವುಗಳಿಗೆ ಮುಖ್ಯ ಕಾವಲು ಅಧಿಕಾರಿಯೇ ಉತ್ತರ ಹೇಳಬೇಕಾಗಿತ್ತು, ಅದರಿಂದಲೇ ಕಳ್ಳತನ ವಿರಳ ಎಂದು ನೂನಿಜ್ ಹೊಗಳುತ್ತಾನೆ. ಆ ಹೊಗಳಿಕೆಯನ್ನು ಓದುವಾಗ ಬಡ ಕೇರಿಯ ಆ ಕಾವಲಿನವರನ್ನೂ ಜ್ಞಾಪಿಸಿಕೊಳ್ಳಿ.

1565ರ ಜನವರಿಯಲ್ಲಿ ರಕ್ಕಸತಂಗಡಿ ಕದನದ ಸುದ್ದಿ ಬಂದಾಗ ತಿರುಮಲರಾಯ ಸದಾಶಿವರಾಯನೊಂದಿಗೆ ಖಜಾನೆಯನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯ ದಾರಿ ಹಿಡಿದ. ಸುಲ್ತಾನರ ಸೈನ್ಯ ಬರುವ ಮೊದಲೇ ಸುತ್ತಲಿನ ದರೋಡೆಕೋರರು ಒಂದೇ ದಿನ ಆರು ಬಾರಿ ನುಗ್ಗಿ ದೋಚಿದರೆಂದು ಪೋರ್ಚುಗೀಸ್ ಲೇಖಕ ಕೋಟೋ ಬರೆದಿದ್ದಾನೆ. ಆ ದಿನ ಕಾವಲಿನವರು ಎಲ್ಲಿದ್ದರೆಂದು ಯಾರೂ ಬರೆದಿಟ್ಟಿಲ್ಲ. ಖಜಾನೆ ಊರು ಬಿಟ್ಟಿತ್ತು, ಪೇಟೆ ಮುಚ್ಚಿತ್ತು. ಮರುದಿನದ ಕೂಲಿ ಎಲ್ಲಿಂದ ಬರಬೇಕು ಎಂಬುದನ್ನು ಅವರು ತಿಳಿಯದವರಾಗಿರಲಿಲ್ಲ ಎಂಬುದು ನನ್ನ ಊಹೆ.

ಊರ ಕಾವಲಿಗೆ ಊರೇ ಹಣ ಕೊಡಲಿ ಎಂಬ ವಿಚಾರ ಬ್ರಿಟಿಷರಿಗೂ ಹಿಡಿಸಿತು. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಅಲ್ಲಿನ 1865ರ ಪಟ್ಟಣ ಸುಧಾರಣಾ ಕಾಯಿದೆ ಪೊಲೀಸ್ ವೆಚ್ಚದ ದೊಡ್ಡ ಪಾಲನ್ನು ಪುರಸಭೆಗಳ ತಲೆಗೆ ಕಟ್ಟಿತು. ಆ ಭಾರವನ್ನು ಇಳಿಸಿ ಶಾಲೆ, ಆಸ್ಪತ್ರೆಗಳನ್ನು ವಹಿಸಬೇಕೆಂಬುದು 1882ರ ಹೊತ್ತಿಗೆ ಲಾರ್ಡ್ ರಿಪನ್ನರ ನೀತಿಯಾಯಿತು. ನಮ್ಮ ಸಂವಿಧಾನ ಪೊಲೀಸನ್ನು ರಾಜ್ಯಪಟ್ಟಿಯಲ್ಲಿಟ್ಟಿತು. 1992ರ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯ ಹೆಸರಿದ್ದರೂ ಕರ್ನಾಟಕದಲ್ಲಿ ಅದನ್ನು ನಡೆಸುವುದು ರಾಜ್ಯದ ಇಲಾಖೆಯೇ. ಹೀಗಾಗಿ ಹೊಸಪೇಟೆ ನಗರಸಭೆಯ ಕಂದಾಯ ಬಾಕಿ ಬಿದ್ದರೂ ಅಲ್ಲಿನ ಪೊಲೀಸರ ಕೆಲಸ ಹೋಗುವುದಿಲ್ಲ.

ಹೋಗುವ ದೇಶಗಳೂ ಇವೆ. ಅಮೆರಿಕದಲ್ಲಿ ಪೊಲೀಸರಿಗೆ ನಗರವೇ ಸಂಬಳ ಕೊಡುತ್ತದೆ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು, ಜುಲೈ ಮೊದಲ ದಿನ ಸುಮಾರು 5,000 ಪೊಲೀಸರನ್ನು ಮನೆಗೆ ಕಳಿಸಿತು. ಅಗ್ನಿಶಾಮಕ ಠಾಣೆಗಳನ್ನೂ ಮುಚ್ಚಿತು.

ನಮ್ಮಲ್ಲಿ ಇಂಥ ಕುತ್ತು ಬರುವುದು ಗೃಹರಕ್ಷಕರಿಗೆ. ಹಂಪಿ ಉತ್ಸವದಂಥ ಜನಸಂದಣಿಯಲ್ಲಿ ಪೊಲೀಸರ ಜತೆ ನಿಲ್ಲುವ ಅವರಿಗೆ ಸಂಬಳವಿಲ್ಲ, ಕೆಲಸ ಮಾಡಿದ ದಿನಕ್ಕೆ ಭತ್ಯೆ. ಆ ಭತ್ಯೆ ಪೊಲೀಸ್ ಪೇದೆಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2019ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಪೊಲೀಸ್ ಇಲಾಖೆ, ಹೆಚ್ಚಿದ ಭತ್ಯೆಗೆ ಬಜೆಟ್ ಸಾಲದೆಂದು, ಸುಮಾರು 25,000 ಗೃಹರಕ್ಷಕರನ್ನು ಕೆಲಸದಿಂದ ಬಿಡಿಸಲು ಹೊರಟಿತು. ಗದ್ದಲವೆದ್ದ ಮೇಲೆ ಯಾರನ್ನೂ ತೆಗೆಯುವುದಿಲ್ಲವೆಂದು ಸಚಿವರು ಭರವಸೆ ಕೊಡಬೇಕಾಯಿತು. ಆದರೆ ಕರೆ ಬಂದ ದಿನಕ್ಕಷ್ಟೇ ಭತ್ಯೆ ಎಂಬ ನಿಯಮ ಹಾಗೆಯೇ ಉಳಿಯಿತು.