ಅವ್ವನ ಸೇರು

ನೋಯ್ಡಾದ ನಮ್ಮ ಅಡುಗೆಮನೆಯಲ್ಲಿ ಅವ್ವನ ಹಿತ್ತಾಳೆ ಸೇರು ಇದೆ. ಅದನ್ನು ಕಂಡಾಗಲೆಲ್ಲ ನನಗೆ ಟಿ.ವಿ. ಪಾಠ ನೆನಪಾಗುತ್ತದೆ.

ದಿಲ್ಲಿಯ ಶಾಲೆಗಳಿಗೆ ಟಿ.ವಿ. ಪಾಠ 1961ರಲ್ಲೇ ಬಂದಿತ್ತು. ರಾಯಚೂರು ಕಡೆಯ ನಮ್ಮ ಹಳ್ಳಿಗೆ ಬಂದದ್ದು 1975ರ ಆಗಸ್ಟಿನಲ್ಲಿ, ‘ಸೈಟ್’ ಪ್ರಯೋಗದಿಂದ. ಅಮೆರಿಕದ ಉಪಗ್ರಹವೊಂದು 36 ಸಾವಿರ ಕಿ.ಮೀ. ಎತ್ತರದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುತ್ತಿತ್ತು. ಬೆಳಿಗ್ಗೆ ಮಕ್ಕಳ ಪಾಠ, ಇಪ್ಪತ್ತೆರಡೂವರೆ ನಿಮಿಷ.

ನನಗೆ ಉಳಿದದ್ದು ಅಳತೆಯ ಪಾಠ. ಗೇಣು ಹಾಕಿ ಅಳೆದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಮೀಟರಿನಲ್ಲಿ ಎಲ್ಲರದೂ ಒಂದೇ. ಮನೆಗೆ ಓಡಿ, “ಅವ್ವಾ, ನಿನ್ನ ಸೇರು ಸುಳ್ಳು” ಅಂದೆ. ಜೋಳ ಅಳೆಯುತ್ತಿದ್ದ ಅವ್ವ, “ಅದ್ರಾಗ ಅಳದದ್ದನ್ನ ಉಂಡೇ ಬೆಳ್ದೀಯಪ್ಪಾ” ಅಂದಳು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಸರಿದುಹೋಯಿತು.

ದೇಶದ ಕಿಲೋಗ್ರಾಂನ ಮೂಲ ತೂಕದ ಬೊಟ್ಟು ಇರುವುದು ಇಲ್ಲೇ, ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. 2019ರಲ್ಲಿ ಕಿಲೋದ ವ್ಯಾಖ್ಯೆಯೇ ಬದಲಾಯಿತು. ಲೋಹದ ತುಂಡಿನ ಬದಲು ಭೌತಶಾಸ್ತ್ರದ ಒಂದು ಸ್ಥಿರಾಂಕ ಆಧಾರವಾಯಿತು. ಆ ಸುದ್ದಿ ಓದಿದ ದಿನ ಅವ್ವನಿಗೆ ಹೇಳಬೇಕೆನಿಸಿತು. ಆದರೆ ಸೇರು ನನ್ನ ಮನೆಗೆ ಬಂದದ್ದೇ ಅವಳು ಹೋದ ಮೇಲೆ.